ಯಕೃತ್ತಿನ ಹೆಸರಿನಲ್ಲಿ ಕ್ಯಾಪ್ಸೂಲು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಾನು 46 ವರ್ಷದ ಗಂಡಸು. ಕುಡಿತದ ಅಭ್ಯಾಸವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ತೂಕ 82 ಕಿಲೊ. ಕಳೆದ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ, ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಸ್‌ಜಿಪಿಟಿ 68 ಇದೆ. ಸಹೋದ್ಯೋಗಿಯೊಬ್ಬರ ಮಾತು ಕೇಳಿ ಮಿಲ್ಕ್ ಥಿಸಲ್, ವಿಟಮಿನ್ ಇ ಹಾಗೂ ಕಾಳುಮೆಣಸಿನ ಸಾರ ಬೆರೆಸಿದ ಅರಿಶಿನದ ಕ್ಯಾಪ್ಸೂಲುಗಳನ್ನು ತಂದಿಟ್ಟುಕೊಂಡಿದ್ದೇನೆ. ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ?

ಉತ್ತರ: ಬಾಯಿಗೆ ಹಾಕಿಕೊಳ್ಳುವ ಮುನ್ನವೇ ಕೇಳಿದ್ದೀರಿ, ಒಳ್ಳೆಯದಾಯಿತು. ಈ ವಿಷಯದ ಪತ್ರಗಳು ಸಾಮಾನ್ಯವಾಗಿ ಡಬ್ಬಿ ಅರ್ಧ ಖಾಲಿಯಾದ ಮೇಲೆ ಬರುತ್ತವೆ.

ಮಿಲ್ಕ್ ಥಿಸಲ್ ನೇರಳೆ ಹೂವಿನ ಒಂದು ಮುಳ್ಳುಗಿಡ; ಅದರ ಬೀಜದ ಸಾರವೇ ಸಿಲಿಮರಿನ್. ಅದರ ಕೀರ್ತಿ ಪೂರ್ತಿ ಪೊಳ್ಳಲ್ಲ. ಡೆತ್ ಕ್ಯಾಪ್ ಎಂಬ ವಿಷದ ಅಣಬೆಯನ್ನು ತಿಂದವರಿಗೆ ಯುರೋಪಿನಲ್ಲಿ ಇದರ ಮುಖ್ಯಾಂಶವಾದ ಸಿಲಿಬಿನಿನ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ, ಏಕೆಂದರೆ ಅದು ಆ ವಿಷ ಯಕೃತ್ತಿನ ಜೀವಕೋಶದೊಳಕ್ಕೆ ನುಗ್ಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಹಾಗೆಂದು ಬೇರೆ ಕಾಯಿಲೆಗಳಿಗೂ ಅದು ಅಡ್ಡ ನಿಂತೀತೆಂದು ಎಣಿಸಲಾಗದು. ಹೆಪಟೈಟಿಸ್ ಸಿ ಇದ್ದ 154 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ವಾಡಿಕೆಗಿಂತ ಮೂರರಿಂದ ಐದು ಪಟ್ಟು ಸಿಲಿಮರಿನ್ ಕೊಟ್ಟು, ಉಳಿದವರಿಗೆ ಔಷಧಾಂಶವಿಲ್ಲದ ಹುಸಿ ಕ್ಯಾಪ್ಸೂಲು ಕೊಟ್ಟು 24 ವಾರ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎಸ್‌ಜಿಪಿಟಿಯ ಮಟ್ಟಿಗೆ ಎರಡು ಬಗೆಯವರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫ್ಯಾಟಿ ಲಿವರ್‌ನಲ್ಲಿ ಆ ಅಂಕಿ ತುಸು ಇಳಿಯಿತೆಂದು ಹೇಳುವ ಸಣ್ಣ ಅಧ್ಯಯನಗಳಿವೆ, ನಿಜ. ಆದರೆ ರಕ್ತದ ಅಂಕಿ ಇಳಿದ ಮಾತ್ರಕ್ಕೆ ಯಕೃತ್ತು ಒಳಗೊಳಗೇ ಗಟ್ಟಿಯಾಗುವುದು ನಿಂತಿತೆಂದು ಅರ್ಥವಲ್ಲ. ಹೊಟ್ಟೆ ಸ್ವಲ್ಪ ಕೆಡಬಹುದೆಂಬುದನ್ನು ಬಿಟ್ಟರೆ ಇದರಿಂದ ಹೆಚ್ಚಿನ ಕೇಡಿಲ್ಲ. ನಿಮಗೆ ಹೆಚ್ಚಿನ ಲಾಭವೂ ನನಗೆ ಕಾಣುತ್ತಿಲ್ಲ.

ವಿಟಮಿನ್ ಇ ವಿಷಯದಲ್ಲಿ ಪುರಾವೆ ಇದಕ್ಕಿಂತ ಗಟ್ಟಿಯಾಗಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ 800 ಯೂನಿಟ್‌ನಂತೆ 96 ವಾರ ಸೇವಿಸಿದವರ ಪೈಕಿ ಶೇ 43ರಷ್ಟು ಮಂದಿಯ ಯಕೃತ್ತಿನ ಸ್ಥಿತಿ ಸುಧಾರಿಸಿತ್ತು. ಹುಸಿ ಗುಳಿಗೆಯವರಲ್ಲಿ ಆ ಪ್ರಮಾಣ ಶೇ 19. ಆದರೆ ಅವರೆಲ್ಲ ಸಕ್ಕರೆ ಕಾಯಿಲೆಯಿಲ್ಲದವರು, ಮತ್ತು ಯಕೃತ್ತಿನ ಚೂರನ್ನು ತೆಗೆದು ಪರೀಕ್ಷಿಸಿ ಉರಿಯೂತವಿದೆ ಎಂದು ಖಚಿತಪಡಿಸಿಕೊಂಡವರು. ನಿಮ್ಮ ಸ್ಕ್ಯಾನಿಂಗ್ ಕೊಬ್ಬಿದೆ ಎಂದಷ್ಟೇ ಹೇಳಿದೆ. ಮರುವರ್ಷವೇ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ನುಂಗಿದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿ ಕಂಡುಬಂದಿತ್ತು. ಆದ್ದರಿಂದ ಇದು ವೈದ್ಯರು ತೂಗಿ ನೋಡಿ ಬರೆದುಕೊಡಬೇಕಾದ ಔಷಧವೇ ಹೊರತು, ನಾವಾಗಿಯೇ ಆರಂಭಿಸಬಹುದಾದ ಪೂರಕವಲ್ಲ.

ಅರಿಶಿನದ ಕ್ಯಾಪ್ಸೂಲನ್ನು ಮಾತ್ರ ದಯವಿಟ್ಟು ತೆರೆಯಬೇಡಿ. ಅಡುಗೆಯ ಅರಿಶಿನದಲ್ಲಿರುವ ಕರ್ಕ್ಯುಮಿನ್ ಮೈಗೆ ಸೇರುವುದು ತೀರ ಕಡಿಮೆ, ಹಾಗಾಗಿಯೇ ಅದು ನಿರಪಾಯ. ಕಾಳುಮೆಣಸಿನ ಪೈಪರಿನ್ ಜೊತೆಗೂಡಿದರೆ ಹೀರಿಕೆ 20 ಪಟ್ಟು ಏರುತ್ತದೆ ಎಂದು 1998ರ ಪ್ರಯೋಗವೊಂದು ತೋರಿಸಿತು. ಡಬ್ಬಿಗಳ ಮೇಲೆ ಹೆಗ್ಗಳಿಕೆಯಾಗಿ ಅಚ್ಚಾಗುವ ಸಾಲು ಇದು; ನನ್ನ ಆತಂಕಕ್ಕೆ ಕಾರಣವಾದ ಸಾಲೂ ಇದೇ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕಗಳನ್ನು ಸೇವಿಸಿದವರಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಯಕೃತ್ತಿನ ಉರಿಯೂತ ಕಾಣಿಸಿಕೊಂಡು, ಲೇಬಲ್ಲಿನ ಮೇಲೆ ಎಚ್ಚರಿಕೆ ಅಚ್ಚು ಹಾಕಬೇಕೆಂದು ಸರ್ಕಾರವೇ ಹೇಳಬೇಕಾಯಿತು.

ನಿಮ್ಮ 82 ಕಿಲೊದಲ್ಲಿ ನಾಲ್ಕು ಕಿಲೊ ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ಆರರಿಂದ ಎಂಟು ಕಿಲೊ ಇಳಿದರೆ ಉರಿಯೂತವೂ ತಗ್ಗುವ ಸಾಧ್ಯತೆ ಹೆಚ್ಚು. ತೂಕವನ್ನು ಆರು ತಿಂಗಳಲ್ಲಿ ನಿಧಾನವಾಗಿ ಇಳಿಸಿ, ಬಳಿಕ ಎಸ್‌ಜಿಪಿಟಿಯನ್ನು ಮತ್ತೆ ನೋಡಿಸಿ.

ಪ್ರಶ್ನೆ: ಅಮ್ಮನಿಗೆ ಕಾಮಾಲೆಯಾದಾಗ ನೆಲನೆಲ್ಲಿ ರಸ ಕುಡಿದು ಮೂರು ವಾರಗಳಲ್ಲಿ ವಾಸಿಯಾಗಿತ್ತು. ಈಗ ತಮ್ಮನಿಗೆ ಹೆಪಟೈಟಿಸ್ ಬಿ ಇದೆ, ವೈದ್ಯರು ಮಾತ್ರೆ ಆರಂಭಿಸಿದ್ದಾರೆ. ಅದನ್ನು ಬಿಟ್ಟು ಅದೇ ರಸ ಕೊಡಬಹುದೇ?

ಉತ್ತರ: ಕಾಮಾಲೆ ಕಾಯಿಲೆಯ ಹೆಸರಲ್ಲ, ಲಕ್ಷಣದ ಹೆಸರು. ನಿಮ್ಮ ತಾಯಿಯವರಿಗೆ ಬಂದದ್ದು ಬಹುಶಃ ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಅಥವಾ ಇ ಇರಬೇಕು. ಅವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ, ಆ ಹೊತ್ತಿಗೆ ಏನು ಕುಡಿಯುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ದೊಡ್ಡವರಲ್ಲಿ ಬೇರೂರಿದ ಹೆಪಟೈಟಿಸ್ ಬಿ ಹಾಗೆ ತಾನಾಗಿ ಹೋಗುವುದು ಅಪರೂಪ.

ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿದೆ ಎಂದೂ ಭಾವಿಸಬೇಡಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಒಂದು ತಿಂಗಳು ಅದರ ಪುಡಿಯನ್ನು ಕೊಟ್ಟ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದಾಗ ಲೋಕವೇ ತಿರುಗಿ ನೋಡಿತ್ತು. ಆದರೆ ಬೇರೆ ದೇಶಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಮರಳಿ ಬರಲಿಲ್ಲ. ನಿಮ್ಮ ತಮ್ಮನ ಮಾತ್ರೆ ವೈರಸ್ಸನ್ನು ಹತ್ತಿಕ್ಕಿ ಇಟ್ಟಿರುತ್ತದೆ; ಅದನ್ನು ತಟ್ಟನೆ ನಿಲ್ಲಿಸಿದರೆ ವೈರಸ್ ಮತ್ತೆ ಹೆಡೆಯೆತ್ತಿ ಯಕೃತ್ತು ಪೂರ್ತಿ ಸೋಲುವ ಅಪಾಯವಿದೆ. ಮಾತ್ರೆ ಬಿಡಿಸಬೇಡಿ. ಮನೆಯ ಉಳಿದವರೆಲ್ಲ ರಕ್ತಪರೀಕ್ಷೆ ಮಾಡಿಸಿ, ಅಗತ್ಯವಿದ್ದವರು ಲಸಿಕೆ ಹಾಕಿಸಿಕೊಳ್ಳಿ.

ಪ್ರಶ್ನೆ: ತೂಕ ಇಳಿಸಲು ಗ್ರೀನ್ ಟೀ ಸಾರದ ಕ್ಯಾಪ್ಸೂಲನ್ನೂ ನಿದ್ದೆಗೆ ಅಶ್ವಗಂಧವನ್ನೂ ಆರು ವಾರಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಮೈ ತುರಿಕೆ, ಮೂತ್ರವೂ ಕಡುಬಣ್ಣ. ಎರಡೂ ಗಿಡಮೂಲಿಕೆಗಳೇ ಆದ್ದರಿಂದ ಉಷ್ಣವಿರಬಹುದೇ?

ಉತ್ತರ: ಉಷ್ಣವೆಂದು ಸುಮ್ಮನಿರಬೇಡಿ. ಎರಡನ್ನೂ ಇಂದೇ ನಿಲ್ಲಿಸಿ, ನಾಳೆಯೊಳಗೆ ಬಿಲಿರುಬಿನ್, ಎಸ್‌ಜಿಪಿಟಿ ಮತ್ತು ರಕ್ತ ಹೆಪ್ಪುಗಟ್ಟುವ ಅವಧಿಯನ್ನು ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬೇರೆ, ಕ್ಯಾಪ್ಸೂಲಿನಲ್ಲಿ ತುಂಬಿದ ಅದರ ಸಾರ ಬೇರೆ: ಸಾರದ ಮೂಲಕ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಅಶ್ವಗಂಧದಿಂದಲೂ ತುರಿಕೆಯೊಡನೆ ಕಾಮಾಲೆ ಬಂದ ಪ್ರಕರಣಗಳು ಹಲವು ದಾಖಲಾಗಿವೆ. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮಾತು ತೊದಲುವುದು, ಮಂಕು ಕವಿಯುವುದು ಅಥವಾ ವಸಡಿನಲ್ಲಿ ರಕ್ತ ಒಸರುವುದು ಕಂಡರೆ ಫಲಿತಾಂಶಕ್ಕೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಹೋಗುವಾಗ ಎರಡೂ ಡಬ್ಬಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ನೀವು ನೆನಪಿನಿಂದ ಹೇಳುವ ಹೆಸರಿಗಿಂತ ಲೇಬಲ್ಲಿನ ಸಣ್ಣ ಅಕ್ಷರಗಳು ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.