ಬಿದ್ರಿ ಪುಟವನ್ನು ಮಾಸ್ಟೊಡಾನ್‌ಗೆ ಒಯ್ಯುವ ಬಗ್ಗೆ

ಬೀದರಿನ ಬಿದ್ರಿ ಕೆಲಸದ ಫೋಟೊ ಹಾಕುವ ನಿಮ್ಮ ಪುಟವನ್ನು ಈಗಿನ ಸೋಶಿಯಲ್ ಮೀಡಿಯಾದಿಂದ ಮಾಸ್ಟೊಡಾನ್ ಅನ್ನುವ ಇನ್ನೊಂದಕ್ಕೆ ಒಯ್ದರೆ ಫಾಲೋವರ್ಸ್ ಜೊತೆಗೇ ಬರುತ್ತಾರಾ ಅಂತ ಕೇಳಿದ್ದೀರಿ. ಇಲ್ರಿ, ಬರಲ್ಲ. ದುಡ್ಡು ಕಟ್ಟದಿದ್ದರೆ ನಮ್ಮ ಪೋಸ್ಟ್ ನಮ್ಮವರಿಗೇ ಕಾಣಲ್ಲ ಅನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೂ ಹಳೇ ಪುಟ ಈಗಲೇ ಮುಚ್ಚಬೇಡಿ. ಹೊಸ ವಿಳಾಸವನ್ನು ಅಲ್ಲಿ ಪಿನ್ ಮಾಡಿಡಿ.

ಮಾಸ್ಟೊಡಾನ್ ಒಳಗೆ ಲೆಕ್ಕ ಬೇರೆ. ಅದು ಒಂದೇ ಕಂಪನಿಯದ್ದಲ್ಲ, ಬೇರೆ ಬೇರೆಯವರು ನಡೆಸುವ ಹಲವು ಸರ್ವರ್‌ಗಳ ಜಾಲ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋದರೆ ಫಾಲೋವರ್ಸ್ ಬರುತ್ತಾರೆ, ಹಳೇ ಪೋಸ್ಟ್ ಮಾತ್ರ ಬರಲ್ಲ. 2018ರಲ್ಲಿ ವೆಬ್ ಮಾನದಂಡವಾದ ಆಕ್ಟಿವಿಟಿಪಬ್ ಮೂಲಕ ಸರ್ವರ್‌ಗಳು ಮಾತಾಡಿಕೊಳ್ಳುತ್ತವೆ. ಹಾಗಾಗಿ ಸರ್ವರ್ ಆರಿಸಲು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಹೋಮ್ ಫೀಡಿನಲ್ಲಿ ಹೊಸ ಪೋಸ್ಟ್ ಮೇಲೆ ಬರುತ್ತದೆ, ಅಷ್ಟೇ. ಹೊಸಬರು ಹುಡುಕಿ ಬರಲು ಬಿದ್ರಿ, ಬೀದರ್ ಅಂತ ಹ್ಯಾಶ್‌ಟ್ಯಾಗ್ ಹಾಕಲೇಬೇಕು. ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರ ಸಿಗುತ್ತದೆ. ಹೂಜಿಗೆ ಬೆಳ್ಳಿ ತಂತಿ ಕೂರಿಸುವುದು, ಕೋಟೆ ಮಣ್ಣಿನಿಂದ ಕಪ್ಪಾಗಿಸುವುದು, ಒಂದೊಂದನ್ನೂ ಬಿಡಿಸಿ ಬರೆಯಿರಿ.