ತೇಗದ ತೊಲೆಯ ಅಂಟು ಬಿಟ್ಟಿರುವ ಬಗ್ಗೆ

ಕುಂಬಳೆಯ ನಿಮ್ಮ ಮನೆಯಲ್ಲಿ ತೇಗದ ಹಲಗೆ ಅಂಟಿಸಿ ಮಾಡಿದ ತೊಲೆ ಮಳೆಗಾಲದ ನಂತರ ಅಂಟಿನ ಗೆರೆಯಲ್ಲೇ ಬಾಯಿ ಬಿಟ್ಟಿದೆ ಅಂದ್ರೆ, ಬಹುಶಃ ಮರದ ಎಣ್ಣೆಯಂಶವೇ ಕಾರಣ. ಕೀಸಿದ ತೇಗವನ್ನು ಸುಮ್ನೆ ಇಟ್ಟರೆ ಎಣ್ಣೆ ಮೇಲೆ ಬರುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಮೊದಲು ಇವತ್ತೇ ತೊಲೆಗೆ ಕೆಳಗಿನಿಂದ ಕಂಬದ ಆಸರೆ ಕೊಡಿ. ಆಮೇಲೆ ಟಾರ್ಚ್ ಹಿಡಿದು ಬಿರುಕಿನೊಳಗೆ ನೋಡಿ. ಹೀಗೇ ಬಾಯಿ ಬಿಟ್ಟಿದ್ದ ನಮ್ಮ ತೊಲೆಯಲ್ಲಿ ಅಂಟು ಗಾಜಿನ ಹಾಗೆ ನುಣ್ಣಗಿತ್ತು, ಮರದ ಒಂದು ನಾರೂ ಅಂಟಿರಲಿಲ್ಲ. ಹಾಗೇ ಇದ್ದರೆ ಅಂಟು ಮರವನ್ನು ಹಿಡಿದೇ ಇಲ್ಲ ಅಂತ ಅರ್ಥ. ಪುಟ್ಟಿ ತುಂಬಬೇಡಿ, ಅದರಿಂದ ಬಲ ಬರಲ್ಲ. ತೊಲೆ ಬದಲಿಸುವುದೇ ಸರಿ. ನಾರು ಕಿತ್ತು ಬಂದಿದ್ದರೆ ತೇವದ ಸಮಸ್ಯೆ ಇರಬಹುದು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯೊಳಗಿರುವ ತುದಿ ಒದ್ದೆಯಾಗಿದೆಯಾ ಮುಟ್ಟಿ ನೋಡಿ.

ಹೊಸ ತೊಲೆಗೆ ಹಲಗೆಯ ತೇವ ಶೇ. 12ರ ಆಸುಪಾಸು ಇರಲಿ. ಕೀಸಿದ ದಿನವೇ ಎಣ್ಣೆ ತೆಗೆಯುವ ಅಸಿಟೋನ್‌ ದ್ರಾವಕದಲ್ಲಿ ಒರೆಸಿ, ಒಣಗಿದ ಕೂಡಲೇ ನೀರು ತಡೆಯುವ ರೆಸಾರ್ಸಿನಾಲ್ ಅಂಟು ಹಾಕಿಸಿ. ಫೆವಿಕಾಲ್‌ನಂಥ ಬಿಳಿ ಅಂಟು ಪೀಠೋಪಕರಣಕ್ಕೆ ಸಾಕು, ಭಾರ ಹೊರುವ ತೊಲೆಗೆ ಖಂಡಿತ ಬೇಡ. ಅಳತೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಹಾಕಿಸಿಕೊಳ್ಳಿ.