ಆನೆಗುಂದಿಯ ಬೆಟ್ಟದಿಂದ ಕಂಡ ಮಸುಕು ಚುಕ್ಕೆ ಧೂಮಕೇತುವೇ, ಗ್ಯಾಲಕ್ಸಿಯೇ?

ಆನೆಗುಂದಿಯ ಬೆಟ್ಟದಿಂದ ಮಸುಕು ಚುಕ್ಕೆಯೊಂದನ್ನು ಕಂಡು, ಅದೇನೆಂದು ಕೇಳಿ ಬರೆದಿದ್ದೀರಿ. ನವೆಂಬರ್ ನಡುವೆ ರಾತ್ರಿ 9ರ ಸುಮಾರಿಗೆ, ನೆತ್ತಿಯಿಂದ ತುಸು ಉತ್ತರಕ್ಕೆ, ವಾರವಿಡೀ ಅದೇ ನಕ್ಷತ್ರಗಳ ಪಕ್ಕದಲ್ಲೇ ಇತ್ತು ಎಂದಿದ್ದೀರಿ. ಹಾಗಾದರೆ ಬಹುತೇಕ ಅದು ಆಂಡ್ರೊಮಿಡಾ ಗ್ಯಾಲಕ್ಸಿ, ಅಂದರೆ ನಕ್ಷತ್ರಗಳ ಒಂದು ಬೃಹತ್ ಸಮೂಹ. ಧೂಮಕೇತುವಾಗಿದ್ದರೆ ನಕ್ಷತ್ರಗಳ ನಡುವೆ ದಿನದಿಂದ ದಿನಕ್ಕೆ ಜಾಗ ಬದಲಿಸುತ್ತಿತ್ತು.

ಗೊಂದಲವೇನೂ ಹೊಸದಲ್ಲ. 18ನೇ ಶತಮಾನದಲ್ಲಿ ಧೂಮಕೇತು ಹುಡುಕುತ್ತಿದ್ದ ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೇ, ಇಂಥ ಅಲುಗದ ಮಸುಕುಗಳ ಕಾಟಕ್ಕೆ ಬೇಸತ್ತು ಅವುಗಳದ್ದೇ ಒಂದು ಪಟ್ಟಿ ಮಾಡಿಟ್ಟ. ಆಂಡ್ರೊಮಿಡಾ ಅದರಲ್ಲಿ 31ನೆಯದು. ಮೆಸ್ಸಿಯೇಯ ‘ಎಂ’ ಸೇರಿ ಅದಕ್ಕೆ ಎಂ31 ಎಂಬ ಹೆಸರು ಬಂದದ್ದು ಹಾಗೆ.

ಕಣ್ಣಿಗೆ ಎರಡೂ ಒಂದೇ, ಗಾತ್ರದಲ್ಲಿ ಅಜಗಜಾಂತರ. ಧೂಮಕೇತುವಿನ ತಿರುಳು ಮಂಜುಗಡ್ಡೆ, ಧೂಳು ಸೇರಿದ ಉಂಡೆ. ಹ್ಯಾಲಿ ಎಂಬ ಹೆಸರಾಂತ ಧೂಮಕೇತುವಿನದು ಸುಮಾರು 15 ಕಿ.ಮೀ. ಉದ್ದ, ಆನೆಗುಂದಿಯಿಂದ ಗಂಗಾವತಿ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಮುಗಿದೇ ಹೋಯಿತು! ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ ಸುತ್ತ ಹರಡುವುದೇ ನಮಗೆ ಕಾಣುವ ಮಸುಕು. ಆಂಡ್ರೊಮಿಡಾದ ಮಸುಕಿನಲ್ಲಿರುವುದು ಸುಮಾರು ಒಂದು ಲಕ್ಷ ಕೋಟಿ ನಕ್ಷತ್ರಗಳು. ನೀವು ನೋಡಿದ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ. ಆಂಡ್ರೊಮಿಡಾ ನಾವಿರುವ ಗ್ಯಾಲಕ್ಸಿಯಾದ ಕ್ಷೀರಪಥದ ಆಚೆಗಿದೆ ಎಂದು ಅಮೆರಿಕದ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿಕೊಟ್ಟದ್ದು 1920ರ ದಶಕದಲ್ಲಿ.

ಇದಕ್ಕೆಂದು ಟೆಲಿಸ್ಕೋಪ್ ಕೊಳ್ಳಬೇಡಿ, ಸಾದಾ ಬೈನಾಕ್ಯುಲರ್ ಸಾಕು. ಅಮಾವಾಸ್ಯೆಯ ಆಸುಪಾಸು ಹೋಗಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಯ ಬೆಳಕಿಗೆ ಬೆನ್ನು ಹಾಕಿ ಕುಳಿತುಕೊಳ್ಳಿ.